ಗೋಣಿ ಸಿಂಗಾರ, ಒಂಟಿ ಸೀನು

ಗಂಡಿನ ಕಡೆಯವರು ಭಾನುವಾರ ಬರುತ್ತಾರೆಂದು ಗೊತ್ತಾದ ಕ್ಷಣವೇ ಸುಂಟಿಕೊಪ್ಪದ ಸಿದ್ದರಾಜು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟರು. "ಹಾಲ್ ಸಿಂಗಾರಕ್ಕೆ ಅಂತ ಒಂದು ನಯಾಪೈಸೆ ಅಂಗಡಿಗೆ ಹೋಗಕೂಡದು. ಎಲ್ಲಾ ನನ್ನ ಕೈಯಿಂದ್ಲೇ!"

ಕುಶಾಲನಗರಕ್ಕೆ ಹೋಗಿ ಹೊಸ ಕರ್ಟನ್ ತರಲು ಹೆಂಡತಿ ವನಜಮ್ಮ ಆಗಲೇ ಬ್ಯಾಗು ಹಿಡಿದು ನಿಂತಿದ್ದರು.

"ರೀ, ನಿಮ್ಮ ಪ್ರಯೋಗಕ್ಕೆ ಇದೇ ಟೈಮ್ ಸಿಕ್ತಾ? ಮಗಳ ಮದುವೆ ಮಾತು ಕಣ್ರೀ!"

"ಅದಕ್ಕೇ ಕಣೆ! ದುಬಾರೆ ಕಡೆ ರೆಸಾರ್ಟ್‌ನಲ್ಲಿ ಗೋಣಿ ಪರದೆ ಹಾಕವ್ರೆ. ಬಂದೋರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ. ಗೋಣಿಗೆ ನಮ್ಮಲ್ಲಿ ಬರವಾ?"

ಬರವೇನೂ ಇರಲಿಲ್ಲ. ಸಿದ್ದರಾಜು ಚೆಟ್ಟಳ್ಳಿಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿಯಿಂದ ಹಿಡಿದು ಮೂಟೆಗಳ ತೂಕದವರೆಗೆ ಎಲ್ಲ ಅವರ ಸುಪರ್ದಿ. ಮಾಲೀಕರನ್ನು ಕೇಳಿ, ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚೀಲಗಳನ್ನು ಜೀಪಿಗೆ ಹೇರಿಕೊಂಡು ಬಂದರು. ಕತ್ತರಿಸಿದರು, ಹೊಲಿದರು, ಸೋಫಾಕ್ಕೆ ದಿಂಬು ಮಾಡಿದರು. ಪರದೆಯ ಮೇಲೆ ಬಿಳಿ ಬಣ್ಣದಲ್ಲಿ ಆನೆ ಬರೆಯಲು ಹೋದರೆ ಹಂದಿ ಮೂಡಿತು. ಸೊಂಡಿಲು ಎಳೆದು ಅದಕ್ಕೆ ಬಡ್ತಿ ಕೊಟ್ಟರು!

"ಒಗೆದಾದ್ರೂ ಹಾಕ್ಬಾರ್ದಿತ್ತಾ? ಏನೋ ಘಾಟು ಬರ್ತದೆ," ಎಂದು ವನಜಮ್ಮ ಸೆರಗನ್ನು ಮೂಗಿಗೆ ಒತ್ತಿದರು.

"ಒಗೆದ್ರೆ ನ್ಯಾಚುರಲ್ ಲುಕ್ಕೇ ಹೋಗ್ತದೆ. ಘಾಟೂ ಇಲ್ಲ, ಗೀಟೂ ಇಲ್ಲ. ನನ್ನ ಮೂಗಿಗೆ ಏನೂ ಗೊತ್ತಾಗ್ತಿಲ್ಲ!"

ಗೊತ್ತಾಗುವುದಾದರೂ ಹೇಗೆ? ಅವರು ಕಾಫಿ ಚೀಲವೆಂದು ನಂಬಿ ತಂದದ್ದು ಕಾಳುಮೆಣಸಿನ ಚೀಲ. ವರ್ಷಗಟ್ಟಲೆ ಮೆಣಸಿನ ರಾಶಿಯ ಪಕ್ಕದಲ್ಲೇ ಕೂತು ತೂಕ ಬರೆದುಕೊಂಡ ಮೂಗು ಅದು. ಮೆಣಸಿಗೂ ಮಲ್ಲಿಗೆಗೂ ಭೇದವೆಣಿಸದ ಸ್ಥಿತಪ್ರಜ್ಞ ಮೂಗು!

ಭಾನುವಾರ ಅರಕಲಗೂಡಿನಿಂದ ಹುಡುಗ ದಿಗಂತ್, ಅವನ ಅಪ್ಪ ಮತ್ತು ಅಜ್ಜಿ ಬಂದಿಳಿದರು. ದಿಗಂತನೂ ಸಿದ್ದರಾಜುವಿನ ಮಗಳು ರಂಜಿತಾಳೂ ಕುಶಾಲನಗರದ ಒಂದೇ ಶಾಲೆಯ ಟೀಚರುಗಳು. ಅವರಿಬ್ಬರ ಒಪ್ಪಿಗೆ ಎಂದೋ ಆಗಿತ್ತು. ಬಾಕಿಯಿದ್ದದ್ದು ಅಜ್ಜಿಯದು. ಅಜ್ಜಿಗೋ ಶಕುನವೆಂದರೆ ಶಾಸನ. ಹಲ್ಲಿ ಲೊಚಗುಟ್ಟಿತೆಂದು ಹಿಂದೊಮ್ಮೆ ಮನೆ ಕಟ್ಟುವುದನ್ನೇ ನಿಲ್ಲಿಸಿದ್ದ ಗಟ್ಟಿಗಿತ್ತಿ. ರಂಜಿತಾ ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ.

ಎಲ್ಲವೂ ಸುಸೂತ್ರವಾಗಿ ನಡೆಯಿತು. ಉಪ್ಪಿಟ್ಟು ಮೆಚ್ಚುಗೆಯಾಯಿತು, ಕಾಫಿ ಇನ್ನೂ ಮೆಚ್ಚುಗೆಯಾಯಿತು. ಅಜ್ಜಿ ಮಡಿಲಿನಿಂದ ಮಲ್ಲಿಗೆ ದಂಡೆ ತೆಗೆದು, "ಬಾ ಮಗಾ, ಹೂ ಮುಡಿಸ್ತೀನಿ. ನಮಗೆ ಹುಡುಗಿ ಒಪ್..." ಎನ್ನುವಷ್ಟರಲ್ಲಿ ಹುಡುಗನ ಅಪ್ಪ ಹಾಯಾಗಿ ದಿಂಬಿಗೆ ಒರಗಿದರು.

"ಆ... ಆಕ್ಷೀ!"

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಮಲ್ಲಿಗೆ ದಂಡೆ ಮೆಲ್ಲಗೆ ಮಡಿಲಿಗೆ ವಾಪಸಾಯಿತು. "ಒಂಟಿ ಸೀನು," ಎಂದರು ಅಜ್ಜಿ. "ಲೋ, ಇನ್ನೊಂದು ಸೀನ್ಲಾ. ಜೋಡಿಯಾದ್ರೆ ದೋಷ ಇಲ್ಲ."

ಪಾಪ, ಆ ಮನುಷ್ಯ ಮೂಗು ಅರಳಿಸಿದರು, ಕಣ್ಣು ಕಿರಿದು ಮಾಡಿದರು, ಸೂರು ನೋಡಿದರು. "ಬರ್ತಿಲ್ಲ ಕಣವ್ವಾ!"

"ಹಂಗಾದ್ರೆ ಏಳ್ರಪ್ಪ. ಮುಂದೆ ನೋಡುವಾ."

ರಂಜಿತಾಳ ಕಣ್ಣು ತುಂಬಿತು. ಅದನ್ನು ಕಂಡ ಸಿದ್ದರಾಜು ಹೊರಟವರನ್ನು ತಡೆಯಲು ಸೋಫಾದತ್ತ ಧಾವಿಸಿದರು. ಅದೇ ಹೊತ್ತಿಗೆ ದಿಂಬಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕರಿಕಾಳು ಅವರ ಕಣ್ಣಿಗೆ ಬಿತ್ತು. ಮೆಣಸು! ಎಲ್ಲ ಅರ್ಥವಾಯಿತು. ಹಿಂದೆಮುಂದೆ ನೋಡದೆ ದಿಂಬು ಕಿತ್ತುಕೊಂಡು ನಡುಮನೆಯಲ್ಲಿ ಧಬಧಬನೆ ಬಡಿದರು. ಸಾಲದೆಂದು ಪರದೆಯನ್ನೂ ಕೊಡವಿದರು.

"ರೀ, ಹುಚ್ಚು ಹಿಡೀತಾ ನಿಮ... ಆಕ್ಷೀ!" ಎಂದರು ವನಜಮ್ಮ.

ಆಮೇಲೆ ಸುರಿಮಳೆ! ಹುಡುಗನ ಅಪ್ಪ ಸೀನಿದರು, ಅಜ್ಜಿ ಸೀನಿದರು, ಹೊರಗೆ ಕಾರಿನ ಡ್ರೈವರ್ ಸೀನಿದ. ಅಜ್ಜಿ ಬೆರಳು ಮಡಿಸಿ ಜೋಡಿ ಹಾಕುತ್ತಾ ಹೋಗಿ ಲೆಕ್ಕ ತಪ್ಪಿದರು. ಕಡೆಗೆ ದಿಗಂತ್ ಮತ್ತು ರಂಜಿತಾ ಎದುರುಬದುರು ನಿಂತು ಒಂದೇ ಕ್ಷಣಕ್ಕೆ ಸೀನಿದರು.

"ನೋಡ್ದಾ! ಇಬ್ಬರೂ ಒಟ್ಟಿಗೇ ಸೀನಿದ್ರು. ಇದಕ್ಕಿಂತ ಜೋಡಿ ಬೇಕಾ?" ಎಂದ ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತಲೇ ರಂಜಿತಾಳಿಗೆ ಹೂ ಮುಡಿಸಿಬಿಟ್ಟರು.

ಸಿದ್ದರಾಜುವಿನ ಎದೆ ಮತ್ತೆ ಉಬ್ಬಿತು. ಗಂಟಲು ಸರಿಮಾಡಿಕೊಂಡು, "ಎಲ್ಲಾ ನಮ್ಮ ಗೋಣಿಯ ಮಹಿಮೆ! ಅಂದಹಾಗೆ, ಮದುವೆ ಮಂಟಪದ ಸಿಂಗಾರ..." ಎಂದು ಶುರು ಮಾಡಿದರು.

"ಬೀಗ್ರೇ," ಎಂದು ಅಜ್ಜಿ ತಡೆದರು. "ನಮಗೆ ಒಡವೆ ಬ್ಯಾಡ, ವರೋಪಚಾರ ಬ್ಯಾಡ. ಒಂದೇ ಕರಾರು. ಮಂಟಪಕ್ಕೆ ನೀವು ಕೈ ಹಾಕಂಗಿಲ್ಲ."

"ಖಂಡಿತ ಅಜ್ಜಿ, ದೇವರಾಣೆಗೂ ಹಾಕಲ್ಲ!" ಎಂದು ಗಂಡನ ಪರವಾಗಿ ವನಜಮ್ಮನೇ ಆಣೆ ಇಟ್ಟರು.

ಸಿದ್ದರಾಜು ಆಸರೆಗಾಗಿ ಮಗಳತ್ತ ತಿರುಗಿದರು. ಮಲ್ಲಿಗೆ ಮುಡಿದ ಮದುವಣಗಿತ್ತಿ ಆಗಲೇ ಸ್ಟೂಲ್ ಹತ್ತಿ ಪರದೆ ಬಿಚ್ಚುತ್ತಿದ್ದಳು.