ಹತ್ತು ಪಟ್ಟಿನ ಲೆನ್ಸು, ಹಸಿರು ಪೊಟ್ಟಣ

ಆ ಬೆಳಿಗ್ಗೆ ಲಾಯ್ ವೆನ್‌ಪಿನ್‌ಗೆ ಹಸಿವಾಗಿದ್ದೇ ತಪ್ಪಾಯಿತು.

ಆರು ಗಂಟೆಗೇ ಕಾರ್ಖಾನೆಗೆ ಬಂದು ಕೂತಿದ್ದ. ದಾರಿಯಲ್ಲಿ ಮೊಟ್ಟೆ ದೋಸೆಯ ಗಾಡಿ ಎದುರು ಸ್ಕೂಟರ್ ನಿಲ್ಲಿಸುವಷ್ಟೂ ಪುರುಸೊತ್ತು ಇರಲಿಲ್ಲ. ಎರಡು ವರ್ಷದಿಂದ ಅವನು ಫೋನಿನೊಳಗೆ ಕೂರುವ ಲೆನ್ಸೊಂದರ ವಿನ್ಯಾಸಕ್ಕೆ ಗಂಟುಬಿದ್ದಿದ್ದ. ದೂರದ್ದನ್ನು ಹತ್ತು ಪಟ್ಟು ಹತ್ತಿರ ತರುವ ಲೆನ್ಸಿಗೆ ಉದ್ದ ಬೇಕು. ಫೋನೋ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಅದಕ್ಕೇ ವೆನ್‌ಪಿನ್ ಐದು ಪುಟಾಣಿ ಲೆನ್ಸುಗಳನ್ನು ಸಾಲಾಗಿ ಫೋನಿನೊಳಗೆ ಮಲಗಿಸಿ, ಗಾಜಿನ ಪಟ್ಟಕ ಇಟ್ಟು ಬೆಳಕನ್ನೇ ಅತ್ತ ತಿರುಗಿಸಿದ್ದ. ಗಿರಾಕಿ ಕಂಪನಿಯವರು ಮೂರು ಸಲ ನೋಡಿ, ಮೂರು ಸಲವೂ ‘ಮಸುಕು’ ಎಂದು ವಾಪಸು ಕಳಿಸಿದ್ದರು. ಇವತ್ತು ನಾಲ್ಕನೆಯದು, ಕೊನೆಯದು. ಇದೂ ಮಸುಕಾದರೆ ಅವನನ್ನು ಎರಡನೇ ಮಹಡಿಗೆ, ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡ್ ಗೀಟು ಓದುವ ಲೆನ್ಸಿನ ವಿಭಾಗಕ್ಕೆ ಹಾಕುವುದಾಗಿ ಮುಖ್ಯಸ್ಥ ಔಯಾಂಗ್ ಹೇಳಿಬಿಟ್ಟಿದ್ದರು. ಅಲ್ಲಿಗೆ ಹೋದವರು ನಿವೃತ್ತಿಯವರೆಗೂ ಗೀಟು ನೋಡಿಕೊಂಡೇ ಇರಬೇಕು.

ಲೆನ್ಸಿನ ಸ್ಪಷ್ಟತೆ ಅಳೆಯುವ ಯಂತ್ರದ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವಿತ್ತು. ತೈವಾನಿನ ಈ ತೈಚುಂಗ್ ಊರಿನ ಯಾವ ಕಾರ್ಖಾನೆಗೆ ಹೋದರೂ ಅದು ಇರುತ್ತದೆ. ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲವೆಂದು ಎಲ್ಲರ ನಂಬಿಕೆ. ಬಣ್ಣ ಹಸಿರೇ ಆಗಬೇಕು, ಅವಧಿ ಮೀರಿರಬಾರದು, ಮುಖ್ಯವಾಗಿ ಯಾರೂ ತಿನ್ನಬಾರದು. ಒಂದೇ ಒಂದು ತುಣುಕು ಎಂದುಕೊಂಡು ವೆನ್‌ಪಿನ್ ಮೂಲೆ ಹರಿದ. ಏಳು ಗಂಟೆಗೆ ತಳದ ಪುಡಿಯನ್ನೂ ಅಂಗೈಗೆ ಸುರಿದುಕೊಂಡು ನೆಕ್ಕಿದ್ದ.

ಎಂಟಕ್ಕೆ ಪರೀಕ್ಷಾ ವಿಭಾಗದ ಪಾವ್‌ಚು ಅಕ್ಕ ಬಂದು ಗುಂಡಿ ಒತ್ತಿದಳು. ಯಂತ್ರ ಒಮ್ಮೆ ಗೊರ್ ಅಂದು, ಕೆಂಪು ದೀಪ ಹಚ್ಚಿಕೊಂಡು ನಿಂತುಬಿಟ್ಟಿತು. ಅಕ್ಕ ತಲೆ ಎತ್ತಿ ನೋಡಿದಳು.

“ಅಯ್ಯಯ್ಯೋ, ಪೊಟ್ಟಣ ಎಲ್ಲಿ? ಯಾರೋ ತಿಂದ್ಬಿಟ್ಟವ್ರೆ!”

“ಇಲಿ ಇರ್ಬೇಕು ಅಕ್ಕ,” ಎಂದ ವೆನ್‌ಪಿನ್, ತುಟಿ ಒರೆಸಿಕೊಳ್ಳುತ್ತ.

“ಒಂದು ಕಣ ಧೂಳು ಬರ್ದಿರ್ಲಿ ಅಂತ ಮೂರು ಬಾಗಿಲು ಹಾಕಿದೀವಿ. ನಿನ್ನ ಇಲಿ ಟೋಪಿ, ಮುಖಗವುಸು ಹಾಕ್ಕೊಂಡು ಬಂತಾ?”

ಅಷ್ಟರಲ್ಲಿ ಅಕ್ಕಪಕ್ಕದ ಮೇಜಿನವರೆಲ್ಲ ನೆರೆದರು. ಹಳದಿ ಪೊಟ್ಟಣ ಇಡೋಣ ಎಂದನೊಬ್ಬ. “ಹಳದಿ ಇಟ್ರೆ ಇನ್ನೂ ಕೆಡುತ್ತೆ ಕಣೋ, ನಮ್ಮ ಭಾವನ ಆಫೀಸಲ್ಲಿ ಮೂರು ದಿನ ಕಂಪ್ಯೂಟರ್ ಏಳ್ಲಿಲ್ಲ,” ಎಂದಳು ಇನ್ನೊಬ್ಬಳು. ಔಯಾಂಗ್ ಬಾಗಿಲಲ್ಲೇ ನಿಂತು ಗಡಿಯಾರ ತೋರಿಸಿದರು.

“ಗಿರಾಕಿ ಕಂಪನಿ ಚಿ ಮೇಡಂ ತೈಪೆಯಿಂದ ರೈಲಲ್ಲಿ ಬರ್ತಾರೆ. ಹನ್ನೊಂದಕ್ಕೆ ಇಲ್ಲಿರ್ತಾರೆ. ಯಂತ್ರ ಓಡ್ತಿರ್ಬೇಕು.”

“ನಾನೇ ತರ್ತೀನಿ ಸರ್,” ಎಂದು ವೆನ್‌ಪಿನ್ ಸ್ಕೂಟರಿಗೆ ಓಡಿದ. ಎಷ್ಟು ಒಳ್ಳೆಯ ಹುಡುಗ ಎಂದು ಪಾವ್‌ಚು ಅಕ್ಕ ಹಿಂದಿನಿಂದ ಹೊಗಳಿದ್ದು ಕೇಳಿಸಿದರೂ ಅವನು ತಿರುಗಿ ನೋಡಲಿಲ್ಲ.

ಅದು ಚಾಂದ್ರಮಾನದ ಏಳನೇ ತಿಂಗಳು, ಹಸಿದ ಪ್ರೇತಗಳಿಗೆ ಎಡೆ ಇಡುವ ಕಾಲ. ಊರಿನ ಹಸಿರು ಪೊಟ್ಟಣಗಳೆಲ್ಲ ಪೂಜೆಯ ಮೇಜು ಸೇರಿದ್ದವು. ಮೊದಲನೇ ಅಂಗಡಿಯಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ. ಐದನೇ ಅಂಗಡಿಯ ಹೆಂಗಸು, “ನೆನ್ನೇನೇ ಖಾಲಿ. ನೂಡಲ್ಸ್ ಇಟ್ಟು ನೋಡಿ, ಯಂತ್ರಕ್ಕೇನು ರುಚಿ ಗೊತ್ತಾಗುತ್ತಾ?” ಎಂದಳು. ಗುಡಿಯ ಮುಂದೆ ಎಡೆ ಇಟ್ಟಿದ್ದ ಮೇಜಿನತ್ತ ವೆನ್‌ಪಿನ್ ಸುಮ್ಮನೆ ಕಣ್ಣು ಹಾಯಿಸಿದ್ದಷ್ಟೇ, ಅಜ್ಜಿಯೊಬ್ಬಳು ಪೊರಕೆ ಹಿಡಿದು ಎದ್ದಳು.

“ಪ್ರೇತಗಳ ಬಾಯಿಂದ ಕಿತ್ಕೊಳ್ಳೋಕೆ ಬಂದ್ಯಾ? ಇಡೀ ತಿಂಗಳು ಬೆನ್ನು ಬಿಡಲ್ಲ ನೋಡು ಅವು!”

ಹತ್ತೂಕಾಲಾಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಾರ್ಖಾನೆಗೆ ಇನ್ನು ಮೂರು ರಸ್ತೆ ಇರುವಾಗ, ಸ್ಕ್ರೂ ಮಾಡುವ ಕಂಪನಿಯೊಂದರ ಹಿತ್ತಲಲ್ಲಿ ಜನರೇಟರ್ ಕಂಡಿತು. ಅದರ ಮೇಲೆ ಹಸಿರು ಪೊಟ್ಟಣ, ಹೊಚ್ಚಹೊಸದು. ಎದೆಮಟ್ಟದ ಗೋಡೆ, ಸುತ್ತ ನರಪಿಳ್ಳೆಯಿಲ್ಲ. ವೆನ್‌ಪಿನ್ ಹೆಲ್ಮೆಟ್ ತೆಗೆದಿಟ್ಟು ಗೋಡೆ ಹಾರಿದ. ಪ್ಯಾಂಟು ಪರ್ರೆಂದು ಹರಿಯಿತು. ಪೊಟ್ಟಣ ಎತ್ತಿಕೊಂಡವನು ಮನಸ್ಸು ತಡೆಯದೆ, ಜನರೇಟರಿಗೆ ಕೈಮುಗಿದು ಮೂರು ಸಲ ಬಗ್ಗಿ ಕ್ಷಮೆ ಕೇಳಿ, ಬಂದ ದಾರಿಯಲ್ಲೇ ಹಾರಿದ.

ನಿಲುವಂಗಿ, ಟೋಪಿ, ಮುಖಗವುಸು ಏರಿಸಿಕೊಂಡು ಒಳಗೆ ಹೋಗಿ ಪೊಟ್ಟಣ ಇಟ್ಟದ್ದೇ ತಡ, ಯಂತ್ರ ಹಸಿರು ದೀಪ ಹಚ್ಚಿಕೊಂಡು ಅಂಕಿ ಕೊಟ್ಟಿತು. ಇಷ್ಟು ಒಳ್ಳೆಯ ಅಂಕಿ ಎರಡು ವರ್ಷದಲ್ಲಿ ಬಂದಿರಲಿಲ್ಲ. ವೆನ್‌ಪಿನ್‌ಗೆ ಕುಣಿಯಬೇಕೆನಿಸಿತು.

“ಬಾರೋ ಬೇಗ! ಮೇಡಂ ಆಗ್ಲೇ ಬಂದವ್ರೆ,” ಎಂದು ಪಾವ್‌ಚು ಅಕ್ಕ ಅವನನ್ನು ಆ ವೇಷದಲ್ಲೇ ಸಭೆಯ ಕೋಣೆಗೆ ಎಳೆದುಕೊಂಡು ಹೋದಳು.

ಚಿ ಮೇಡಂ ಮುಂಚಿನ ರೈಲಿಗೇ ಬಂದಿದ್ದರು. ಯಂತ್ರದ ಅಂಕಿ ತನಗೆ ಬೇಡವೆಂದು, ಅದೇ ಲೆನ್ಸು ಕೂರಿಸಿದ್ದ ಫೋನೊಂದನ್ನು ಹಿಡಿದು ನೇರ ತಾರಸಿಗೆ ಹತ್ತಿ ಕಂಡಕಂಡದ್ದನ್ನೆಲ್ಲ ಕ್ಲಿಕ್ಕಿಸಿ ಇಳಿದಿದ್ದರು. ಈಗ ಒಂದೊಂದೇ ಚಿತ್ರ ಗೋಡೆಯಗಲದ ಪರದೆ ಮೇಲೆ ಬರುತ್ತಿತ್ತು. ಗುಡ್ಡದ ಮೇಲಿನ ಗುಡಿಯ ಹೆಂಚು. ಯಾರದೋ ಬಾಲ್ಕನಿಯ ಒಣಗುವ ಬಟ್ಟೆ. ಆಮೇಲೆ ಒಂದು ಹಿತ್ತಲು, ಒಂದು ಜನರೇಟರ್, ಅದಕ್ಕೆ ಕೈಮುಗಿದು ಬಗ್ಗಿ ಮುಖ ಎತ್ತುತ್ತಿರುವ, ಪ್ಯಾಂಟು ಹರಿದ ಒಬ್ಬ ಮನುಷ್ಯ.

ವೆನ್‌ಪಿನ್ ಮುಖಗವುಸನ್ನು ಕಣ್ಣಿನ ತನಕ ಏರಿಸಿಕೊಂಡ.

“ಇದು ನಂಗೆ ತುಂಬ ಹಿಡಿಸ್ತು,” ಎಂದರು ಚಿ ಮೇಡಂ. “ಮೂರು ರಸ್ತೆ ಆಚೆಯದು. ಯಾರೋ ಪಾಪ, ಯಾಕೆ ಕೈ ಮುಗೀತಿದಾನೋ.”

“ಯಾಕೇಂದ್ರೆ ಅವನು ಕಳ್ಳ,” ಎಂದರು ಔಯಾಂಗ್. “ಆ ಸ್ಕ್ರೂ ಕಂಪನಿಯೋರು ಈಗ ತಾನೆ ಊರೆಲ್ಲ ಫೋನ್ ಮಾಡ್ತಿದಾರೆ. ಅವರ ಜನರೇಟರ್ ನಿಂತು ಕೆಲಸವೇ ಬಂದ್ ಆಗಿದೆಯಂತೆ. ಸಿಕ್ಕಿದ್ರೆ ಪೊಲೀಸಿಗೆ ಕೊಡ್ತಾರಂತೆ.”

“ಹಾಗಾದ್ರೆ ಇದೇ ಪರೀಕ್ಷೆ,” ಎಂದು ಮೇಡಂ ನಕ್ಕು ಇವನತ್ತ ತಿರುಗಿದರು. “ಲಾಯ್ ಅವ್ರೆ, ಮಾಡಿದೋರು ನೀವು. ನೀವೇ ಹೇಳಿ, ಮುಖ ಗುರುತು ಹಿಡಿಯೋ ಹಾಗಿದ್ಯಾ?”

ಪರದೆಯಿಂದ ಅವನದೇ ಮುಖ ಅವನನ್ನು ನೋಡುತ್ತಿತ್ತು.

“ಮಸುಕು, ಮೇಡಂ.”

“ಏನಂದ್ರಿ?”

“ತೀರಾ ಮಸುಕು. ಗಂಡೋ ಹೆಣ್ಣೋ ಅಂತಾನೇ ಗೊತ್ತಾಗ್ತಿಲ್ಲ.”

“ನನ್ನ ಕಣ್ಣಿಗೆ ಚೆನ್ನಾಗೇ ಕಾಣ್ತಿತ್ತು,” ಎಂದು ಮೇಡಂ ಕನ್ನಡಕ ಒರೆಸಿಕೊಂಡರು. “ಆದ್ರೆ ಮಾಡಿದೋರೇ ಹೀಗಂದ್ಮೇಲೆ ನಾನೇನು ಅನ್ಲಿ?” ಕಡತದಲ್ಲಿ ‘ಮಸುಕು’ ಎಂದು ಬರೆದು ಮುಚ್ಚಿ, ಚೀಲ ಹೆಗಲಿಗೇರಿಸಿ ರೈಲು ಹಿಡಿಯಲು ಹೊರಟೇಬಿಟ್ಟರು.

ಎಲ್ಲರೂ ಹೋದ ಮೇಲೆ ಔಯಾಂಗ್ ವೆನ್‌ಪಿನ್‌ನ ಮುಖಗವುಸನ್ನು ಎರಡು ಬೆರಳಲ್ಲಿ ಕೆಳಗಿಳಿಸಿದರು.

“ಗಲ್ಲದ ಮಚ್ಚೆ ಮೇಲಿನ ಮೂರು ಕೂದಲನ್ನ ನಾನು ಆ ಕುರ್ಚೀಲಿ ಕೂತೇ ಎಣಿಸ್ದೆ ಕಣಯ್ಯಾ. ಎಂಥಾ ಲೆನ್ಸು ಮಾಡಿದೀಯ!”

ವೆನ್‌ಪಿನ್‌ಗೆ ಅಳು ಬಂತು. “ಮತ್ತೆ ಮೇಡಂ ಮುಂದೆ ಹೇಳ್ಬಹುದಿತ್ತಲ್ಲ ಸರ್?”

“ಹೊರಗಿನೋರ ಮುಂದೆ ನಿನ್ನ ಮಾನ ಕಳೀಲಾ? ಛೆ ಛೆ,” ಎಂದು ಔಯಾಂಗ್ ಅವನ ಬೆನ್ನು ತಟ್ಟಿದರು. “ಸೋಮವಾರದಿಂದ ಎರಡನೇ ಮಹಡಿಗೆ ಹೋಗು.”