ಕನ್ನಡದ ಪರವಾಗಿ ನಾನು ಕೊಡದ ಉತ್ತರ

ಪ್ರಶ್ನೆ ಕೇಳಿದ ತಕ್ಷಣ ಉತ್ತರ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕುರ್ಚಿ ಸವೆಸಿದವನು ನಾನು. ಸೇರಿದ ಮೊದಲ ವಾರವೇ ನಮ್ಮ ಹೆಡ್ ಕ್ಲರ್ಕ್ ಹೇಳಿಕೊಟ್ಟಿದ್ದರು: ಮೊದಲ ಪತ್ರಕ್ಕೆ ಉತ್ತರ ಬರೆಯಬಾರದು, ನಿಜವಾಗಿ ಬೇಕಾದವರು ರಿಮೈಂಡರ್ ಕಳಿಸುತ್ತಾರೆ, ಕಳಿಸದಿದ್ದರೆ ಅವರಿಗೆ ಅಷ್ಟೇನೂ ಬೇಕಿರಲಿಲ್ಲ ಎಂದು ತಿಳಿಯಬೇಕು. ಆ ಪುಣ್ಯಾತ್ಮರು ಈ ಒಂದು ಸೂತ್ರದ ಬಲದಿಂದ ಯಾರ ಕೈಗೂ ಸಿಕ್ಕಿಬೀಳದೆ ನಿವೃತ್ತರಾದರು. ನಾನು ಅದನ್ನು ಕಚೇರಿಯಲ್ಲೇ ಬಿಟ್ಟು ಬರಬೇಕಿತ್ತು. ದಿನವೂ ಊಟದ ಡಬ್ಬಿಯ ಜೊತೆ ಮನೆಗೂ ತಂದೆ.

ಚಳಿ ಶುರುವಾಗುವ ಹೊತ್ತಿಗೆ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿಗೆ ಮೊನಾಲಿ ಬಂದಳು. ಪಕ್ಕದ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಸಂಶೋಧನೆ ಮಾಡುವ ಅಸ್ಸಾಮಿ ಹುಡುಗಿ. ಮನೆಯಲ್ಲಿ ಒಬ್ಬರು ಪ್ರಶ್ನೆ ಕೇಳಿದರೆ ಇನ್ನೊಬ್ಬರು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ಭಾಷೆಯಿಂದ ಭಾಷೆಗೆ ಹೋಲಿಸಿ ನೋಡುವುದು ಅವಳ ವಿಷಯವಂತೆ. ಇಂಥದ್ದಕ್ಕೂ ಡಾಕ್ಟರೇಟ್ ಕೊಡುತ್ತಾರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಜಪಾನಿ, ಕೊರಿಯನ್, ಟರ್ಕಿಶ್, ಅಸ್ಸಾಮಿ ಗಂಡಹೆಂಡಿರು ಸಿಕ್ಕಿದ್ದರು. ಕನ್ನಡದ ಒಂದು ಜೋಡಿ ಬೇಕಿತ್ತು. "ನಮ್ಮದು ಅಪ್ಪಟ ಕನ್ನಡದ ಮನೆ" ಎಂದು ಎದೆಯುಬ್ಬಿಸಿದೆ. ಗುರುಗ್ರಾಮದಲ್ಲಿರುವ ಮಗ ನನಗೆ ಫೋನ್ ಮಾಡಿದಾಗ ಹಿಂದಿಯಲ್ಲಿ ಮಾತಾಡುತ್ತಾನೆ ಎಂಬುದನ್ನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಒಂದು ಭಾನುವಾರ ಪುಟ್ಟ ರೆಕಾರ್ಡರನ್ನು ಊಟದ ಮೇಜಿನ ಮೇಲಿಟ್ಟು, ನಮ್ಮಿಬ್ಬರ ಸಹಿ ಪಡೆದು, "ಇದು ಇಲ್ಲಿದೆ ಅನ್ನೋದನ್ನೇ ಮರೆತುಬಿಡಿ ಅಂಕಲ್" ಎಂದು ಹಿಂದಿಯಲ್ಲಿ ಹೇಳಿ ಹೋದಳು. ನಾನು ಮರೆಯಲಿಲ್ಲ. ಇಸ್ತ್ರಿ ಅಂಗಿ ತೊಟ್ಟು, ದೆಹಲಿಯ ಹವಾಮಾನದ ಬಗ್ಗೆ ಶುದ್ಧ ಕನ್ನಡದಲ್ಲಿ ನಾಲ್ಕು ಮಾತಾಡಿದೆ. ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದ ಇಣುಕಿ, "ಯಾರಿಗ್ರೀ ಈ ಭಾಷಣ?" ಎಂದಳು. ಊಟವಾದ ಮೇಲೆ ಪೇಪರ್ ಹಿಡಿದು ಕೂತೆ. ಆಗ ನಿಜವಾಗಿಯೂ ಮರೆತೆ.

ಎರಡು ವಾರ ಕಳೆದ ಮೇಲೆ ಸುಮಿತ್ರಾ ತುಮಕೂರಿನಲ್ಲಿರುವ ತಂಗಿ ಸುಧಾ ಮನೆಗೆ ಹೊರಟಳು. ಸೂಟ್‌ಕೇಸ್ ಬಾಗಿಲಿಗೆ ಬಂದಾಗಲೇ ವಿಷಯ ನನ್ನ ತಲೆಗೆ ಸರಿಯಾಗಿ ಹೋದದ್ದು. ನಾನೇ ಅದನ್ನು ಹೊತ್ತು ಟ್ಯಾಕ್ಸಿಗೆ ಹಾಕಿ, "ಆರಾಮಾಗಿ ಇದ್ದು ಬಾ" ಎಂದೆ. ಒಂದು ತಿಂಗಳೆಂದು ಹೋದವಳು, ಎರಡನೆಯದೂ ಮುಗಿಯುತ್ತಾ ಬಂದರೂ ಬಂದಿಲ್ಲ. ಫೋನಿನಲ್ಲಿ ಕೆಲಸದವಳ ಬಗ್ಗೆ, ಗ್ಯಾಸ್ ಬಗ್ಗೆ ವಿಚಾರಿಸುತ್ತಾಳೆ. ಬರುವ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಮೊನಾಲಿ ತನ್ನ ವಿಶ್ವವಿದ್ಯಾಲಯಕ್ಕೆ ಕರೆದಳು. ಅವಳಿಗೆ ಕನ್ನಡ ಬಾರದು. ರೆಕಾರ್ಡ್ ಆದ ಮಾತನ್ನೆಲ್ಲ ನಾನು ಕೇಳಿ ಅರ್ಥ ಹೇಳಬೇಕಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕಂಪ್ಯೂಟರ್ ಮುಂದೆ ಕೂರಿಸಿದಳು. ಪರದೆಯ ಮೇಲೆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಖಾಲಿ ಜಾಗಕ್ಕೆಲ್ಲ ಅಳತೆ ಹಾಕಿದ್ದಳು. ಬೇರೆ ಭಾಷೆಗಳಲ್ಲಿ ಅದು ಕಣ್ಣು ಮಿಟುಕಿಸುವಷ್ಟು. "ಆಂಟಿ ತುಂಬಾ ಫಾಸ್ಟ್ ಅಂಕಲ್. ನೀವು ಸ್ವಲ್ಪ..." ಎಂದು ಸಂಕೋಚದಿಂದ ನಿಲ್ಲಿಸಿದಳು. ನನಗೆ ದಿಗಿಲಾಯಿತು. ಏಷ್ಯಾದ ಭಾಷೆಗಳ ಸಾಲಿನಲ್ಲಿ ಕನ್ನಡ ನನ್ನಿಂದಾಗಿ ಕೊನೆಗೆ ನಿಲ್ಲಬೇಕೆ? "ಕನ್ನಡದವರೆಲ್ಲ ಹೀಗಲ್ಲಮ್ಮ, ನಾನೊಬ್ಬ ಹೀಗೆ" ಎಂದು ಗೋಗರೆದೆ. "ಆದರೆ ನನ್ನ ಹತ್ತಿರ ಇರೋ ಕನ್ನಡದ ಗಂಡ ನೀವೊಬ್ಬರೇ" ಎಂದಳು.

ಆಮೇಲೆ ಆ ಮಧ್ಯಾಹ್ನದ ಮಾತು ಬಂತು. ಸುಮಿತ್ರಾಳ ದನಿ ಇಷ್ಟು ಹತ್ತಿರದಿಂದ ಕೇಳಿ ಎಷ್ಟು ಕಾಲವಾಗಿತ್ತೋ. "ರೀ, ನಾನು ಸುಧಾ ಮನೆಗೆ ಹೋಗಿ ಸ್ವಲ್ಪ ದಿನ ಇರ್ತೀನಿ. ನಾನಿಲ್ದಿದ್ರೆ ನಿಮ್ಗೆ ಬೇಜಾರಾಗತ್ತಾ?" ಪೇಪರ್ ಮಗುಚಿದ ಸದ್ದು. ಬಾಲ್ಕನಿಯಲ್ಲಿ ಪಾರಿವಾಳ. ಮತ್ತೆ ಪೇಪರ್. ಬಹಳ ಹೊತ್ತಾದ ಮೇಲೆ ನನ್ನ ದನಿ: "ಗೀಸರ್ ಆಫ್ ಮಾಡಿದ್ಯಾ?" ತಕ್ಷಣವೇ ಅವಳದು: "ಆಗ್ಲೇ ಮಾಡ್ದೆ."

"ಆಂಟಿ ಏನು ಕೇಳಿದ್ರು?" ಎಂದಳು ಮೊನಾಲಿ. ಹೇಳಿದೆ. "ನಿಮ್ಮ ಉತ್ತರ?"

"ಬೇಜಾರಾಗುತ್ತೆ ಅಂತ ಬರ್ಕೊಳಮ್ಮ."

"ಅದು ರೆಕಾರ್ಡಿಂಗ್‌ನಲ್ಲಿ ಇಲ್ಲ ಅಂಕಲ್. ಈಗ ಸೇರಿಸೋಕಾಗಲ್ಲ" ಎಂದು, ಆ ಪ್ರಶ್ನೆಯ ಎದುರು 'ಉತ್ತರವಿಲ್ಲ' ಎಂದು ಟೈಪ್ ಮಾಡಿದಳು. ಪಾಪ, ಅವಳದೇನೂ ತಪ್ಪಿಲ್ಲ. ಎಷ್ಟು ಜನರ ಅರ್ಜಿಯ ಗತಿ ನನ್ನ ಕೈಯಲ್ಲಿ ಹೀಗೇ ಆಗಿತ್ತೋ. ಸುಮಿತ್ರಾ ಎರಡನೇ ಸಲ ಕೇಳಿರಬಹುದೆಂದು ರೆಕಾರ್ಡಿಂಗನ್ನು ಕೊನೆಯವರೆಗೂ ಕೇಳಿದೆ. ರಿಮೈಂಡರ್ ಬಂದಿರಲಿಲ್ಲ. ಅಳು ಬಂತು. ದೆಹಲಿಯಲ್ಲಿ ಇದು ಹೊಗೆಯ ಕಾಲ, ಕಣ್ಣು ಉರಿಯುತ್ತದೆ ಎಂದೆ.

ಮರುದಿನ ಬೆಳಗ್ಗೆಯೇ ಫೋನ್ ಮಾಡಿದೆ. ರಾತ್ರಿಯೆಲ್ಲ ಮನಸ್ಸಿನಲ್ಲಿ ಡ್ರಾಫ್ಟ್ ಮಾಡಿ, ತಿದ್ದಿ, ಕೊನೆಗೆ ಒಂದೇ ಪದ ಉಳಿಸಿಕೊಂಡಿದ್ದೆ. ಅವಳು ಹಲೋ ಎಂದ ಕೂಡಲೇ, "ಬೇಜಾರಾಗುತ್ತೆ" ಎಂದೆ.

"ಯಾಕ್ರೀ? ಕೆಲಸದವಳು ಬರ್ಲಿಲ್ವಾ?" ಎಂದಳು, ಕಣ್ಣು ಮಿಟುಕಿಸುವಷ್ಟರಲ್ಲಿ.

ಅಡುಗೆಮನೆಯಲ್ಲಿ ಕೆಲಸದವಳು ಪಾತ್ರೆ ತೊಳೆಯುತ್ತಿದ್ದಳು. "ಹೂಂ, ಬರ್ಲಿಲ್ಲ" ಎಂದೆ. ಇಷ್ಟು ಬೇಗ ನಾನು ಜನ್ಮದಲ್ಲಿ ಯಾರಿಗೂ ಉತ್ತರ ಕೊಟ್ಟವನಲ್ಲ. ಮೊನಾಲಿ ಪಕ್ಕದಲ್ಲಿದ್ದಿದ್ದರೆ ಕನ್ನಡದ ಮಾನ ಉಳಿಯುತ್ತಿತ್ತು.