ನನ್ನ ವೈರಸ್ಸು, ಕಾಕುವಿನ ಹುಂಜ

ವೈರಸ್ಸಿನ ಬೆನ್ನು ಹತ್ತಿದವನಿಗೆ ನಗೆಪಾಟಲಾಗುವುದು ತಪ್ಪಿದ್ದಲ್ಲ. ನನಗಂತೂ ಅದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಅರವತ್ತರ ದಶಕದ ಮೊದಲಲ್ಲಿ ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಫ್ಲೂ ಜ್ವರದ ವೈರಸ್ಸನ್ನು ಕೋಳಿಮೊಟ್ಟೆಯೊಳಗೆ ಬೆಳೆಸಿ ತೋರಿಸುವುದು ನನ್ನ ಕೆಲಸ. ನಮ್ಮ ಗೈಡು ಕಡ್ಡಿ ಮುರಿದಂತೆ ಹೇಳಿದ್ದರು: "ಹೊರಗಿನ ಪರೀಕ್ಷಕರು ಬರೂದರೊಳಗ ವೈರಸ್ ಬೆಳೀಬೇಕು. ಇಲ್ಲಾಂದ್ರ ಈ ವಿಷಯ ಬಿಟ್ಟುಬಿಡು." ಬಿಡುವುದೆಲ್ಲಿ ಬಂತು? ಆ ವೈರಸ್ಸಿನ ಹೆಸರು ಕೇಳಿದರೇ ನನಗೆ ಮೈಯೆಲ್ಲ ಹುರುಪು!

೧. ಹುಂಜದ ವಿಚಾರಣೆ

ವೈರಸ್ ಬೆಳೆಸಲು ಎಂಥ ಮೊಟ್ಟೆಯಾದರೂ ನಡೆಯುವುದಿಲ್ಲ, ಒಳಗೆ ಮರಿ ಬೆಳೆಯುವಂಥದ್ದೇ ಬೇಕು. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಕೋಳಿ ಸಾಕಿದ ಚಾಚಾ ಒಬ್ಬರಿದ್ದರು. ಅವರಲ್ಲಿಗೆ ಹೋದೆ.

"ಚಾಚಾ, ನಿಮ್ಮ ಕೋಳಿ ಜೋಡಿ ಹುಂಜ ಇರ್ತದೇನ್ರಿ?"

"ಇರ್ತೈತ್ರಿ."

"ದಿನಾ ಇರ್ತದೇನ್ರಿ?"

"ಹೌದ್ರಿ."

"ಅದರ ತಬ್ಯತ್ ಛಲೋ ಅದಲ್ರಿ?"

ಚಾಚಾ ಬುಟ್ಟಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಹೇಬ್ರ, ನನ್ನ ಮಗಳ ಲಗ್ನದಾಗ ಹುಡುಗನ ಬಗ್ಗೆ ನಾನೂ ಇಷ್ಟು ಕೇಳಿಲ್ರಿ."

೨. ಬಚ್ಚಲದೊಳಗೆ ಒಂದು ಡಜನ್

ಹನ್ನೆರಡು ಮೊಟ್ಟೆ ತಂದು ಲ್ಯಾಬಿನ ಕಾವುಪೆಟ್ಟಿಗೆಯಲ್ಲಿಟ್ಟೆ. ಎಂಟನೆಯ ದಿನ ಕರೆಂಟು ಹೋಯಿತು. ಎರಡು ದಿನ ಬರುವುದಿಲ್ಲವಂತೆ. ಕಾವು ತಪ್ಪಿದರೆ ಒಳಗಿನ ಮರಿ ಉಳಿಯುವುದಿಲ್ಲ. ಬೇರೆ ದಾರಿ ಕಾಣದೆ ಅವನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿ, ಮಾಳಮಡ್ಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಗೆ ತಂದು, ಬಚ್ಚಲದ ಒಲೆಯ ಪಕ್ಕ ಅಡಗಿಸಿಟ್ಟೆ. ಮನೆಯ ಒಡತಿಯನ್ನು ನಾನು ಕಾಕು ಅನ್ನುತ್ತಿದ್ದೆ. ಉಳ್ಳಾಗಡ್ಡಿಯನ್ನೂ ಹೊಸ್ತಿಲು ದಾಟಲು ಬಿಡದ ಹೆಂಗಸು. ಅರ್ಧ ತಾಸಿನಲ್ಲಿ ಸಿಕ್ಕಿಬಿದ್ದೆ.

"ತತ್ತಿ! ನನ್ನ ಮನ್ಯಾಗ ತತ್ತಿ! ಹೊರಗ ಒಗೀ ಮೊದಲ!"

"ತಿನ್ಲಿಕ್ಕೆ ಅಲ್ರಿ ಕಾಕು. ಒಳಗ ಜೀವ ಅದ, ನೋಡ್ರಿ" ಎಂದು ಬ್ಯಾಟರಿ ಬೆಳಕಿಗೆ ಒಂದು ಮೊಟ್ಟೆ ಹಿಡಿದೆ. ಕೆಂಪು ನರಗಳ ನಡುವೆ ಪುಟ್ಟದೊಂದು ಮಿಸುಕಾಡಿತು. ಕಾಕು ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಎರಡು ದಿನ ಒಲೆಗೆ ಕಟ್ಟಿಗೆ ಒಟ್ಟಿದವರು ಅವರೇ.

ಕರೆಂಟು ಬಂತು, ಮೊಟ್ಟೆ ಒಯ್ಯಲು ಹೋದೆ. ಒಯ್ದು ಏನು ಮಾಡುತ್ತೀ ಎಂದು ಕೇಳಿದರು. ವೈರಸ್ ಚುಚ್ಚುತ್ತೇನೆ ಎಂದು ಖರೇ ಹೇಳಿ ಕೆಟ್ಟೆ. ಕಾಕು ಬಚ್ಚಲ ಬಾಗಿಲಿಗೆ ಅಡ್ಡ ನಿಂತರು.

ಎರಡು ವಾರ ಬಿಟ್ಟು ಗೈಡು ಕೇಳಿದರು: "ತತ್ತಿ ಹೆಂಗವ?"

"ಓಡ್ಯಾಡ್ಲಿಕ್ಕತ್ತಾವ್ರಿ ಸರ್."

೩. ಭಾಳ ಛಲೋ ಆತ್ರಿ!

ಮೊದಲು ತಂದಿಟ್ಟದ್ದು ಅಷ್ಟರಲ್ಲಿ ಕೆಟ್ಟುಹೋಗಿ, ಮತ್ತೆ ಬೇಕಿದ್ದದ್ದು ಫ್ಲೂ ಬಂದವರು ಗಂಟಲು ತೊಳೆದ ನೀರು. ವೈರಸ್ ಇರುವುದೇ ಅದರಲ್ಲಿ. ಆದರೆ ತಿಂಗಳುಗಟ್ಟಲೆ ಊರವರೆಲ್ಲ ಗಟ್ಟಿಮುಟ್ಟು! ನೋಡಿ ನನಗೆ ಹೊಟ್ಟೆಯುರಿ. ಕೊನೆಗೊಂದು ಮುಂಜಾನೆ ಕಾಕು ನರಳುತ್ತ, "ಮೈಕೈ ನೋವು, ಜ್ವರ, ಕೆಮ್ಮು ತಮ್ಮಾ" ಅಂದರು.

"ಖರೇನ? ಭಾಳ ಛಲೋ ಆತ್ರಿ ಕಾಕು!" ಎಂದು ಕುಣಿದೇಬಿಟ್ಟೆ.

ಅವರು ಮುಕ್ಕಳಿಸಿ ಉಗುಳಿದ್ದನ್ನು ಬಾಟ್ಲಿಗೆ ಹಿಡಿದು, ಥರ್ಮಾಸಿನ ಐಸಿನೊಳಗಿಟ್ಟು, ಎದೆಗವಚಿಕೊಂಡು ಹೊರಟೆ. ಕಾಕು ಹಾಸಿಗೆಯಿಂದಲೇ ಅಂದರು: "ಕಾಶಿಯಿಂದ ತಂದ ಗಂಗಾನೂ ನಾ ಇಷ್ಟು ಜ್ವಾಕಿ ಮಾಡಿದ್ದಿಲ್ಲ."

೪. ಪರೀಕ್ಷೆ

ಆ ನೀರನ್ನು ಚಾಚಾ ಕೊಟ್ಟ ಬೇರೆ ಮೊಟ್ಟೆಗಳಿಗೆ ಚುಚ್ಚಿ ಕಾದೆ. ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕಾದ್ದು ಇಷ್ಟೇ: ಆ ಮೊಟ್ಟೆಯೊಳಗಿನ ನೀರಿಗೆ ಕೋಳಿಯ ರಕ್ತದ ಹನಿ ಸೇರಿಸುವುದು. ವೈರಸ್ ಬೆಳೆದಿದ್ದರೆ ರಕ್ತ ಬಟ್ಟಲ ತುಂಬ ಹಾಸಿಕೊಳ್ಳುತ್ತದೆ. ಇಲ್ಲದಿದ್ದರೆ ತಳದಲ್ಲಿ ಕೆಂಪು ಬೊಟ್ಟಾಗಿ ಕೂಡುತ್ತದೆ.

ಪರೀಕ್ಷಕರು ಬಂದ ದಿನವೇ, ರಕ್ತಕ್ಕೆಂದು ಲ್ಯಾಬಿನಲ್ಲಿ ಸಾಕಿದ್ದ ಕೋಳಿ ಗೋಡೆ ಹಾರಿ ಪರಾರಿ! ಮನೆಗೆ ಓಡಿದೆ. ಬಚ್ಚಲದಲ್ಲಿ ಹುಟ್ಟಿದ ಹುಂಜ ಅಷ್ಟೊತ್ತಿಗೆ ಇಡೀ ಓಣಿಯ ಸಾಹುಕಾರನಾಗಿತ್ತು.

"ಕಾಕು, ಹುಂಜ ಕೊಡ್ರಿ. ರೆಕ್ಕಿಯಿಂದ ಒಂದು ಚಮಚಾ ರಕ್ತ ಅಷ್ಟ. ಜೀವಕ್ಕೇನೂ ಆಗೂದಿಲ್ರಿ."

"ನಿನ್ನ ಕೈಯಾಗ ಕೊಡೂದಿಲ್ಲ. ನಾನ ಹಿಡ್ಕೊಂಡು ಬರ್ತೇನಿ."

ಟಾಂಗಾದಿಂದ ಕಾಕು ಇಳಿದರು, ಸೆರಗಿನೊಳಗೆ ಹುಂಜ. ಗೈಡು, ಪರೀಕ್ಷಕರು ಇಬ್ಬರೂ ದಂಗಾಗಿ ಎದ್ದು ನಿಂತರು. ಸೂಜಿ ಹಾಕುವಾಗ "ಹಗೂರ!" ಎಂದು ಕಾಕು ಗದರಿದರು. ರಕ್ತವನ್ನು ಉಪ್ಪುನೀರಿನಲ್ಲಿ ತೊಳೆದು ಬಟ್ಟಲುಗಳಿಗೆ ಹನಿ ಹಾಕಿದೆ. ಅರ್ಧ ತಾಸು ಕಾದೆವು, ಅಷ್ಟರಲ್ಲಿ ಹುಂಜ ಎರಡು ಸಲ ಕೂಗಿತು. ಬಗ್ಗಿ ನೋಡಿದೆ. ಹೋಲಿಸಿ ನೋಡಲು ಇಟ್ಟ ಬರೀ ಉಪ್ಪುನೀರಿನ ಬಟ್ಟಲಲ್ಲಿ ಕೆಂಪು ಬೊಟ್ಟು. ನನ್ನ ಬಟ್ಟಲಲ್ಲಿ ರಕ್ತ ಅಂಚಿನವರೆಗೆ ಹಾಸಿತ್ತು! ಬೆಳೆದಿತ್ತು, ನನ್ನ ವೈರಸ್ ಬೆಳೆದಿತ್ತು! ಅಂಥ ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಪರೀಕ್ಷಕರು ನನ್ನ ಕೈ ಕುಲುಕಿ, "ಭಾಳ ಛಲೋ ಕೆಲಸ ಮಾಡೀರಿ" ಎಂದರು.

ಕಾಕು ಹುಂಜವನ್ನು ಸೆರಗಿನೊಳಗೆ ಸರಿಮಾಡಿಕೊಂಡು ಮುಂದೆ ಬಂದರು.

"ಜ್ವರಾ ನಂದು, ಉಗುಳು ನಂದು, ಹುಂಜಾನೂ ನಂದು. ಇದರಾಗ ಇವಂದೇನದರಿ? ಆ ಡಿಗ್ರಿ ನನಗ ಕೊಡ್ರಿ."